ರಿಮ್‌ಫೈರ್ ರೈಫಲ್‌ಗೆ ಸ್ಕೋಪ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ

ಪಾಯಿಂಟ್ ಟೂಟೂ ರೈಫಲ್, ಅಂದರೆ ತೋಟಾದ ತಳದ ಅಂಚಿಗೆ ಹೊಡೆದು ಸಿಡಿಸುವ (ರಿಮ್‌ಫೈರ್) .22 ಕ್ಯಾಲಿಬರ್‌ನ ಸಣ್ಣ ರೈಫಲ್ ಹಿಡಿದು ನನ್ನ ಬಳಿಗೆ ಬರುವವರ ದೂರು ಬಹುಪಾಲು ಒಂದೇ ಬಗೆಯದು. ಹತ್ತಿರದ ಗುರಿಗೆ ಹೊಡೆದಾಗ ಗುಂಡುಗಳು ಒಂದೆಡೆ ಬೀಳುತ್ತಿಲ್ಲ, ನಿನ್ನೆ ಸರಿಯಾಗಿದ್ದ ಝೀರೋ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪನ್ನು ಮಾಡಿದ ಹೊಂದಾಣಿಕೆ) ಇಂದು ತಪ್ಪಿದೆ, ಆದ್ದರಿಂದ ಬ್ಯಾರೆಲ್ ಕೆಟ್ಟಿರಬೇಕು ಎನ್ನುತ್ತಾರೆ. ರೈಫಲ್‌ನ ಮೇಲೆ ಕಣ್ಣಾಡಿಸಿದರೆ ಅಲ್ಲಿ 50 ಮಿಲಿಮೀಟರ್ ಮುಂಗಾಜಿನ, 24 ಪಟ್ಟು ದೊಡ್ಡದಾಗಿ ತೋರಿಸುವ, ದೊಡ್ಡ ಕ್ಯಾಲಿಬರ್‌ನ ರೈಫಲ್‌ಗಳಿಗಾಗಿ ಮಾಡಿದ ಸ್ಕೋಪ್ ಕುಳಿತಿರುತ್ತದೆ. ಅದು ಒಳ್ಳೆಯ ಸ್ಕೋಪೇ, ದುಬಾರಿಯೂ ಹೌದು. ಆದರೆ ಈ ರೈಫಲ್‌ಗೆ ಹೊಂದುವಂಥದ್ದಲ್ಲ. ಕೊಳ್ಳುವಾಗ ಏನನ್ನು ವಿಚಾರಿಸಿದಿರಿ ಎಂದು ಕೇಳಿದರೆ ಎಲ್ಲರೂ ಹೇಳುವುದು ಎಷ್ಟು ಪಟ್ಟು ಎಂಬುದನ್ನು ಮಾತ್ರ. ಅದರ ಪ್ಯಾರಲಾಕ್ಸ್ ಎಷ್ಟು ದೂರಕ್ಕೆ ಹೊಂದಿಸಲ್ಪಟ್ಟಿದೆ ಎಂದು ಕೇಳಿ ಕೊಂಡವರು ತೀರಾ ವಿರಳ.

ಪ್ಯಾರಲಾಕ್ಸ್ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ, ಹೆಚ್ಚಿನವರು ಅದನ್ನು ಚಿತ್ರದ ಸ್ಪಷ್ಟತೆ ಎಂದುಕೊಂಡಿರುತ್ತಾರೆ. ಹಾಗಲ್ಲ. ಸ್ಕೋಪಿನ ಮುಂಗಾಜು ಗುರಿಯ ಬಿಂಬವನ್ನು ಕೊಳವೆಯೊಳಗೆ ಮೂಡಿಸುತ್ತದೆ. ಗುರಿಯಿಡಲು ಬಳಸುವ ಅಡ್ಡ-ಉದ್ದ ಗೆರೆಗಳಾದ ಕ್ರಾಸ್‌ಹೇರ್ ಇರುವುದೂ ಅದೇ ಕೊಳವೆಯೊಳಗೆ, ಒಂದು ನಿಶ್ಚಿತ ಜಾಗದಲ್ಲಿ. ಬಿಂಬವು ಕ್ರಾಸ್‌ಹೇರ್ ಇರುವ ಜಾಗದಲ್ಲೇ ಮೂಡಿದರೆ ತಲೆ ಎಷ್ಟು ಅಲುಗಿದರೂ ಎರಡೂ ಅಂಟಿಕೊಂಡೇ ಇರುತ್ತವೆ. ಅದಕ್ಕಿಂತ ಹಿಂದೆಯೋ ಮುಂದೆಯೋ ಮೂಡಿದರೆ, ಕಿಟಕಿಯ ಗಾಜಿನ ಮೇಲೆ ಎಳೆದ ಗೆರೆ ಹೊರಗಿನ ಮರದ ಮೇಲೆ ಸರಿದಾಡುವಂತೆ, ಕಣ್ಣು ಸರಿದಂತೆಲ್ಲ ಕ್ರಾಸ್‌ಹೇರ್ ಗುರಿಯ ಮೇಲೆ ಸರಿಯುತ್ತದೆ. ರೈಫಲ್ ಕದಲಿರುವುದಿಲ್ಲ; ನಿಮಗೆ ಮಾತ್ರ ಗುರಿ ತಪ್ಪಿದಂತೆ ಕಾಣುತ್ತದೆ, ನೀವು ಅದನ್ನು ಸರಿಪಡಿಸಲು ಹೋಗಿ ರೈಫಲನ್ನು ನಿಜವಾಗಿಯೂ ಕದಲಿಸುತ್ತೀರಿ.

ಬಿಂಬ ಎಲ್ಲಿ ಮೂಡುತ್ತದೆ ಎಂಬುದು ಗುರಿಯ ದೂರವನ್ನು ಅವಲಂಬಿಸಿದೆ. ದೊಡ್ಡ ರೈಫಲ್‌ಗಳ ಸ್ಕೋಪಿನಲ್ಲಿ ಹೊಂದಾಣಿಕೆಯ ತಿರುಗಣೆ ಇಲ್ಲದಿದ್ದರೆ ಕಾರ್ಖಾನೆಯವರು ಸಾಮಾನ್ಯವಾಗಿ ಅದನ್ನು 100 ಗಜಕ್ಕೋ ಅದಕ್ಕೂ ಹೆಚ್ಚಿನ ದೂರಕ್ಕೋ ಹೊಂದಿಸಿರುತ್ತಾರೆ. ರಿಮ್‌ಫೈರ್‌ಗೆಂದೇ ಮಾಡಿದವುಗಳಲ್ಲಿ ಆ ದೂರ 50 ಗಜದ ಆಸುಪಾಸಿನಲ್ಲಿರುತ್ತದೆ. ಈ ವ್ಯತ್ಯಾಸದ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಮುಂಗಾಜಿನ ವ್ಯಾಸದ ಅರ್ಧವನ್ನು ತೆಗೆದುಕೊಂಡು, ಗುರಿಯ ದೂರಕ್ಕೂ ಹೊಂದಿಸಿದ ದೂರಕ್ಕೂ ಇರುವ ಅಂತರದಿಂದ ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿದರೆ ಸಿಗುವುದೇ ಗುರಿಯ ಮೇಲೆ ಆಗಬಹುದಾದ ಗರಿಷ್ಠ ತಪ್ಪು. 100 ಮೀಟರಿಗೆ ಹೊಂದಿಸಿದ, 40 ಮಿಲಿಮೀಟರ್ ಮುಂಗಾಜಿನ ಸ್ಕೋಪಿನಿಂದ 25 ಮೀಟರಿನ ಗುರಿಯನ್ನು ನೋಡಿದರೆ ಆ ತಪ್ಪು 15 ಮಿಲಿಮೀಟರ್. 50 ಮೀಟರಿನಲ್ಲಿ 10 ಮಿಲಿಮೀಟರ್. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ 50 ಮೀಟರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರ್. ಆ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವಿಲ್ಲ ನಿಜ, ಆದರೂ ನಾವು ಎಷ್ಟು ಸಣ್ಣ ಅಳತೆಗಳ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಲೆಕ್ಕದಲ್ಲಿ ಎಷ್ಟು ಪಟ್ಟು ಎಂಬ ಅಂಕಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ವರ್ಧನೆಯನ್ನು ಹೆಚ್ಚಿಸಿದರೆ ತಪ್ಪು ಕಣ್ಣಿಗೆ ಎದ್ದು ಕಾಣುತ್ತದೆ, ಆದರೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಮುಂಗಾಜನ್ನು ದೊಡ್ಡದು ಮಾಡಿದರೆ ಗರಿಷ್ಠ ತಪ್ಪು ಇನ್ನೂ ಬೆಳೆಯುತ್ತದೆ: ಮೇಲಿನ ಉದಾಹರಣೆಯಲ್ಲಿ 40ರ ಬದಲು 50 ಮಿಲಿಮೀಟರ್ ಗಾಜು ಇದ್ದರೆ 25 ಮೀಟರಿನಲ್ಲಿ ಅದು ಸುಮಾರು 19 ಮಿಲಿಮೀಟರ್. ದೊಡ್ಡ ಗಾಜು, ದೊಡ್ಡ ಅಂಕಿ ಎಂದು ಹೆಚ್ಚು ಹಣ ಕೊಟ್ಟವರು ತಮ್ಮ ತೊಂದರೆಯನ್ನೇ ದೊಡ್ಡದು ಮಾಡಿಕೊಂಡಿರುತ್ತಾರೆ. ಅಂಥವರ ಮುಖ ನೋಡಿ ಇದನ್ನು ಹೇಳುವುದು ನನಗೆ ಪ್ರತಿ ಸಲವೂ ಸಂಕಟದ ಕೆಲಸ.

ಒಂದು ಮಾತನ್ನು ಸೇರಿಸಬೇಕು. ಇದು ಕಣ್ಣು ಸಂಪೂರ್ಣ ಅಂಚಿಗೆ ಸರಿದಾಗಿನ ಲೆಕ್ಕ. ಕಣ್ಣು ಸ್ಕೋಪಿನ ನಡುಗೆರೆಯಲ್ಲೇ ಇದ್ದರೆ ಹೊಂದದ ಸ್ಕೋಪಿನಲ್ಲಿಯೂ ತಪ್ಪು ಶೂನ್ಯ. ಅನುಭವಿಗಳು ರೈಫಲ್‌ನ ಹಿಂಬದಿಯ ಹಿಡಿಯಾದ ಸ್ಟಾಕಿನ ಮೇಲೆ ಕೆನ್ನೆಯನ್ನು ಪ್ರತಿ ಸಲವೂ ಒಂದೇ ಕಡೆ ಇಟ್ಟು ಇದನ್ನು ಸಾಧಿಸುತ್ತಾರೆ. ಆದರೆ ಮಲಗಿ ಹೊಡೆಯುವಾಗ ಇದ್ದ ಕೆನ್ನೆ ಮಂಡಿಯೂರಿ ಹೊಡೆಯುವಾಗ ಅಲ್ಲಿರುವುದಿಲ್ಲ, ಹೊಸಬರಿಗಂತೂ ಎರಡು ಗುಂಡುಗಳ ನಡುವೆಯೇ ಅದು ಸರಿದಿರುತ್ತದೆ.

ನನ್ನಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗಿಗೆ ಆದದ್ದು ಇದೇ. ಮಲಗಿ ಹೊಡೆದರೆ ಅವಳ ಐದು ಗುಂಡುಗಳೂ ಒಂದೆಡೆ ಬೀಳುತ್ತಿದ್ದವು. ಮಂಡಿಯೂರಿದರೆ ಆ ಗುಂಪೇ ಎಡಕ್ಕೆ ಸರಿಯುತ್ತಿತ್ತು. ತೋಟಾ ಬದಲಾಯಿಸಿದ್ದಳು, ಟ್ರಿಗರ್ ಸರಿಮಾಡಿಸಿದ್ದಳು, ಕೊನೆಗೆ ತನ್ನ ಕೈಯನ್ನೇ ದೂರುತ್ತಿದ್ದಳು. ರೈಫಲ್ ಖಾಲಿ ಇದೆಯೆಂದು ಇಬ್ಬರೂ ನೋಡಿ, ಬೋಲ್ಟ್ ತೆರೆದಿಟ್ಟು, ಮರಳಿನ ಚೀಲಗಳ ನಡುವೆ ಅದನ್ನು 25 ಮೀಟರಿನ ಹಲಗೆಯತ್ತ ಕೂರಿಸಿದೆವು. ರೈಫಲನ್ನು ಮುಟ್ಟದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸ್ಕೋಪಿನಲ್ಲಿ ನೋಡುತ್ತ ತಲೆಯನ್ನು ಮಾತ್ರ ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಸಲು ಹೇಳಿದೆ. ಕ್ರಾಸ್‌ಹೇರ್ ಕಪ್ಪು ವೃತ್ತದ ನಡುವಿನಿಂದ ಹೊರಟು ಪಕ್ಕದ ಗೆರೆಗಳನ್ನು ಒಂದೊಂದಾಗಿ ದಾಟಿತು. ಅವಳು ಕಣ್ಣು ತೆಗೆದು ರೈಫಲ್ ಅಲುಗಿತೇ ಎಂದು ನೋಡಿದಳು, ಮತ್ತೆ ಕಣ್ಣಿಟ್ಟಳು, ಮತ್ತೆ ನೋಡಿದಳು. 50 ಗಜದ ರಿಮ್‌ಫೈರ್ ಸ್ಕೋಪ್ ಹಾಕಿದ ಮೇಲೆ ಎರಡು ಭಂಗಿಗಳ ಗುಂಪುಗಳು ಹತ್ತಿರ ಬಂದವು. ಪೂರ್ತಿ ಒಂದಾಗಲಿಲ್ಲ, ಉಳಿದದ್ದು ಭಂಗಿಯ ಕೆಲಸ.

ಈ ಪರೀಕ್ಷೆಯನ್ನು ಕೊಳ್ಳುವ ಮುನ್ನವೇ ಮಾಡಬಹುದು, ಸ್ಕೋಪನ್ನು ಅಲುಗದಂತೆ ಎಲ್ಲಿಯಾದರೂ ಕೂರಿಸಿದರೆ ಸಾಕು. ಮುಂಗಾಜಿನ ಸುತ್ತಲೋ ಪಕ್ಕದಲ್ಲೋ ಪ್ಯಾರಲಾಕ್ಸ್ ತಿರುಗಣೆ ಇರುವ ಸ್ಕೋಪ್ ಆದರೆ, ಕ್ರಾಸ್‌ಹೇರ್ ಸರಿಯುವುದು ನಿಲ್ಲುವವರೆಗೆ ಅದನ್ನು ತಿರುಗಿಸಿ, ಅಲ್ಲಿ ನಿಮ್ಮದೇ ಗುರುತು ಹಾಕಿಕೊಳ್ಳಿ. ಅದರ ಮೇಲೆ ಅಚ್ಚಾದ ಅಂಕಿಗಳು ಅಂದಾಜಿನವು. ಕಣ್ಣಿನ ಬದಿಯ ಉಂಗುರ ತಿರುಗಿಸಿ ಪ್ಯಾರಲಾಕ್ಸ್ ಸರಿಮಾಡಿದೆ ಎನ್ನುವವರೂ ಇದ್ದಾರೆ. ಅದು ಕ್ರಾಸ್‌ಹೇರ್ ನಿಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತೆ ಮಾಡಲು ಇರುವುದು, ಬಿಳಿ ಗೋಡೆಯ ಕಡೆ ನೋಡುತ್ತ ಒಮ್ಮೆ ಹೊಂದಿಸಿದರೆ ಮುಗಿಯಿತು. ತಿರುಗಣೆ ಇಲ್ಲದ ಕೆಲವು ಸ್ಕೋಪ್‌ಗಳ ಮುಂಗಾಜನ್ನು ಬಿಚ್ಚಿ ದೂರವನ್ನು ಬದಲಿಸಲು ಸಾಧ್ಯವಿದೆ, ಆದರೆ ಒಳಗೆ ತುಂಬಿದ ಒಣ ಅನಿಲ ಹೊರಹೋಗಿ ಮುಂದೆ ಮಂಜು ಕಟ್ಟುವ ಸಂಭವವಿರುವುದರಿಂದ ಮನೆಯಲ್ಲಿ ಅದಕ್ಕೆ ಕೈಹಾಕಬೇಡಿ ಎನ್ನುತ್ತೇನೆ.

ಉಳಿದ ವಿಷಯಗಳು ಇಷ್ಟು ಕಾಡುವುದಿಲ್ಲ. 50 ಮೀಟರಿನ ಅಭ್ಯಾಸಕ್ಕೆ 2ರಿಂದ 7 ಅಥವಾ 3ರಿಂದ 9 ಪಟ್ಟು ಧಾರಾಳವಾಗಿ ಸಾಕು; ಕಾಗದದ ಗುರಿಯ ಮೇಲೆ ತೀರಾ ಸಣ್ಣ ಗುಂಪುಗಳನ್ನೇ ಬಯಸುವವರು 12ರವರೆಗೆ ಹೋಗಬಹುದು. ರಿಮ್‌ಫೈರ್‌ನ ಹಿನ್ನೊದೆತ ಅಲ್ಪವಾದ್ದರಿಂದ ಸ್ಕೋಪಿನ ಗಟ್ಟಿತನಕ್ಕಾಗಿ ಹೆಚ್ಚು ಹಣ ಸುರಿಯಬೇಕಿಲ್ಲ. ಸ್ಕೋಪನ್ನು ರೈಫಲ್‌ಗೆ ಬಿಗಿಯುವ ರಿಂಗ್ ಕೊಳ್ಳುವ ಮೊದಲು ರೈಫಲ್‌ನ ಮೇಲ್ಭಾಗವನ್ನು ನೋಡಿಕೊಳ್ಳಿ: ಹಲವು ಪಾಯಿಂಟ್ ಟೂಟೂಗಳಲ್ಲಿ ಇರುವುದು 11 ಮಿಲಿಮೀಟರಿನ ಡವ್‌ಟೇಲ್ ತೋಡು, ಅದರ ಮೇಲೆ ಅಗಲವಾದ ಪಿಕಾಟಿನಿ ಹಳಿಗೆಂದು ಮಾಡಿದ ರಿಂಗ್ ಕೂರುವುದಿಲ್ಲ.

ದೂರಕ್ಕೆ ಹೊಡೆಯುವವರ ಮಾತು ಬೇರೆ. 50 ಮೀಟರಿಗೆ ಝೀರೋ ಮಾಡಿದ ಸಾಧಾರಣ ವೇಗದ ಪಾಯಿಂಟ್ ಟೂಟೂ ಗುಂಡು 100 ಮೀಟರಿನಲ್ಲಿ ಸುಮಾರು 20 ಸೆಂಟಿಮೀಟರ್, 200 ಮೀಟರಿನಲ್ಲಿ ಒಂದು ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. 50 ಗಜಕ್ಕೆ ಕಟ್ಟಿಹಾಕಿದ ಸ್ಕೋಪ್ ಅವರ ಕೆಲಸಕ್ಕೆ ಬಾರದು. ಪ್ಯಾರಲಾಕ್ಸ್ ತಿರುಗಣೆ, ಗುರಿಯನ್ನು ಮೇಲೆ ಕೆಳಗೆ ಸಾಕಷ್ಟು ಸರಿಸಬಲ್ಲ ಟರೆಟ್ (ಸ್ಕೋಪಿನ ಮೇಲಿನ ತಿರುಗಣೆ), ಸ್ಕೋಪ್ ಕೂರುವ ಮುಂದಕ್ಕೆ ಬಾಗಿದ ಬೇಸ್ ಇವೆಲ್ಲ ಅಲ್ಲಿ ಅಗತ್ಯ. ಆದರೆ ನನ್ನ ಬಳಿಗೆ ಬರುವ ಹೆಚ್ಚಿನವರು 25 ಮತ್ತು 50 ಮೀಟರಿನ ಆಚೆ ಹೋಗುವವರಲ್ಲ. ಅವರು ಅಂಗಡಿಯಲ್ಲಿ ಆ ಒಂದು ಪ್ರಶ್ನೆಯನ್ನು ಕೇಳಲಿ. ಪೆಟ್ಟಿಗೆಯ ಮೇಲೆ ಬರೆದಿಲ್ಲ, ಮಾರುವವರಿಗೂ ಗೊತ್ತಿಲ್ಲ ಎಂದಾದರೆ, ಅಲ್ಲೇ ತಲೆಯನ್ನು ಎಡಕ್ಕೂ ಬಲಕ್ಕೂ ಸರಿಸಿ ನೋಡಿಯೇ ಹಣ ಕೊಡಲಿ.