ಆರ್ಡರ್ ಮತ್ತೆ ಬರುತ್ತಿದೆ, ನೇಮಕಾತಿ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಎರಡು ವರ್ಷ ಆರ್ಡರ್ ಇಲ್ಲದೆ ಒದ್ದಾಡಿದೆವು. ಇನ್‌ಕ್ರಿಮೆಂಟ್ ನಿಲ್ಲಿಸಿದೆವು, ಕೆಲವರನ್ನು ಕಳಿಸಿದೆವು. ಉಳಿದವರು ನಿಷ್ಠಾವಂತರು, ಅವರ ಚಿಂತೆಯಿಲ್ಲ. ಹೊಸಬರನ್ನು ತೆಗೆದುಕೊಳ್ಳಲು ಹೇಗೆ ಪ್ಲಾನ್ ಮಾಡುವುದು?

ಉತ್ತರ: ಪೀಣ್ಯದವರು ಕೇಳುತ್ತಾರೆ, ಹುಬ್ಬಳ್ಳಿಯವರು ಕೇಳುತ್ತಾರೆ, ಮಾತು ಮಾತ್ರ ಇದೇ. ನಾನೂ ಪ್ರತಿ ಸಲ ಅದೇ ಒಂದು ವಾಕ್ಯಕ್ಕೆ ಬಂದು ನಿಲ್ಲುತ್ತೇನೆ: ‘ಉಳಿದವರು ನಿಷ್ಠಾವಂತರು.’

ಯಾರು ಹೇಳಿದರು ನಿಮಗೆ? ಜೋರು ಮಳೆಯಲ್ಲಿ ಬಸ್ ಸ್ಟಾಪಿನ ಸೂರಿನಡಿ ನಿಂತವರಿಗೆ ಆ ಸೂರಿನ ಮೇಲೆ ಪ್ರೀತಿಯೇ? ಹೊರಗೆ ಕೆಲಸ ಇರಲಿಲ್ಲ, ನಿಂತಿದ್ದರು. ಲೆಕ್ಕ ಬೇಕಾದರೆ ನೋಡಿ. ಕೋವಿಡ್ ವರ್ಷ ಮುಗಿದ 2021ರ ಮಾರ್ಚ್‌ನಲ್ಲಿ ಟಿಸಿಎಸ್ ಬಿಟ್ಟು ಹೋಗುವವರ ಪ್ರಮಾಣ ಶೇ 7.2. ಎಲ್ಲರೂ ಬೆನ್ನು ತಟ್ಟಿಕೊಂಡರು. 2022ರ ಸೆಪ್ಟೆಂಬರ್ ಹೊತ್ತಿಗೆ ಅದು ಶೇ 21.5. ಇನ್ಫೋಸಿಸ್‌ನಲ್ಲಿ ಶೇ 10.9 ಇದ್ದದ್ದು 2022ರ ಜೂನ್‌ಗೆ ಶೇ 28.4 ಆಯಿತು. ಜನ ಅವರೇ, ಮಳೆ ನಿಂತಿತ್ತು ಅಷ್ಟೆ.

‘ಅದು ಐಟಿ ಕಥೆ ಸಾರ್, ನಮ್ಮದು ನಲವತ್ತು ಜನರ ವರ್ಕ್‌ಶಾಪ್’ ಎನ್ನಬೇಡಿ. ಅಲ್ಲಿ ಸಾವಿರ ಜನ ಹೋದರೂ ‘ಬೆಂಚಿನ ಮೇಲೆ’, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುತ್ತ, ಬೇರೆಯವರು ಇರುತ್ತಾರೆ. ಕಂಪ್ಯೂಟರ್ ಚಾಲಿತ ಮೆಷಿನ್ ಸೆಟ್ ಮಾಡುವ ನಿಮ್ಮ ಸಿಎನ್‌ಸಿ ಸೆಟ್ಟರ್ ಒಬ್ಬ ಪಕ್ಕದ ಶೆಡ್ಡಿಗೆ ಹೋದರೆ ಮಾರನೇ ದಿನ ಮೆಷಿನ್ ನಿಲ್ಲುತ್ತದೆ. ಎರಡು ವರ್ಷ ಸಂಬಳ ಏರದವನು ಅವನೇ ತಾನೆ? ಅವನೆದುರೇ ಹೊಸಬನನ್ನು ಇವತ್ತಿನ ರೇಟಿಗೆ ತಂದು ಕೂರಿಸಿ, ಕೆಲಸ ಕಲಿಸು ಎಂದರೆ ಕಲಿಸಿಯಾನೇ?

ಹಾಗಾಗಿ ಪ್ಲಾನು ಹಳಬರಿಂದ ಶುರುವಾಗಲಿ. ಯಾರು ಹೋದರೆ ಯಾವ ಕೆಲಸ ನಿಲ್ಲುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಿಲ್ಲಿಸಿದ ಇನ್‌ಕ್ರಿಮೆಂಟ್ ಮೊದಲು ಅವರಿಗೆ ಕೊಡಿ. ಪೂರ್ತಿ ಆಗದಿದ್ದರೆ ಯಾವ ತಿಂಗಳು ಎಂದಾದರೂ ಹೇಳಿ. ಆ ಕೆಲಸಗಳಿಗೆ ಇನ್ನೊಬ್ಬನನ್ನು ತಯಾರು ಮಾಡಿ. ಆಮೇಲೆ ಜಾಹೀರಾತು.

ಕಳಿಸಿದವರ ಬಗ್ಗೆ ನೀವು ಕೇಳಲಿಲ್ಲ, ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ. ಹೆಚ್ಚುವರಿ ಎಂದು ತೆಗೆದ ಕೆಲಸಗಾರರಿಗೆ ಮರುನೇಮಕದಲ್ಲಿ ಮೊದಲ ಅವಕಾಶ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಚ್ ಕಲಮೇ ಹೇಳಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಅವಕಾಶವನ್ನು, ಕೆಲಸದಿಂದ ತೆಗೆದ ಒಂದು ವರ್ಷದೊಳಗೆ ನಡೆಯುವ ನೇಮಕಕ್ಕೆ ಸೀಮಿತಗೊಳಿಸಿದೆ. ಮ್ಯಾನೇಜರ್‌ಗಳಿಗೆ ಇದು ಅನ್ವಯಿಸದು. ರಾಜೀನಾಮೆ ಬರೆಸಿಕೊಂಡು ಕಳಿಸಿದ್ದೇವೆ, ನಮಗಿದು ತಾಗುವುದಿಲ್ಲ ಎಂದು ನಗುವವರೂ ಇದ್ದಾರೆ. ನಗಲಿ. ಆದರೆ ನಿಮ್ಮ ಮೆಷಿನ್ನಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನಬಲ್ಲವನು ಆ ಕಳಿಸಿದವರ ಪಟ್ಟಿಯಲ್ಲೇ ಇದ್ದಾನೆ. ಅವನ ಫೋನ್ ನಂಬರ್ ಇನ್ನೂ ಆಫೀಸಿನಲ್ಲಿದೆಯೇ, ಇವತ್ತೇ ಹುಡುಕಿಸಿ.