ಕಿತ್ತಳೆ ಪಟ್ಟಿಯ ಡ್ರಮ್ಮು, ಸೈನಿಕನ ಕಾಗದ

ಶಹಾಪುರ, ಸುರಪುರದ ನೀರಾವರಿ ಭಾಗದಲ್ಲಿ ಭತ್ತ, ಹತ್ತಿ ಒಂದೇ ಬದುವಿನ ಆಚೀಚೆ. ಭತ್ತದ ಕಳೆಗೆ ಹೊಡೆದ 2,4-ಡಿ ಗಾಳಿಗೆ ಹಾರಿದರೂ ಸಾಕು, ಸರಿಯಾಗಿ ತೊಳೆಯದ ಅದೇ ಪಂಪಿನಲ್ಲಿ ಹತ್ತಿಗೆ ‘ಎಣ್ಣಿ’ (ಕೀಟನಾಶಕ) ಹೊಡೆದರೂ ಸಾಕು: ಹತ್ತಿಯ ಚಿಗುರೆಲೆ ಬೆಂಡೆ ಎಲೆಯಂತೆ ಸೀಳಿ ಮುರುಟುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಕಾಡಿನ ಮೇಲೆ ಸುರಿದ ಕಳೆನಾಶಕ ‘ಏಜೆಂಟ್ ಆರೆಂಜ್’ನಲ್ಲಿ ಅರ್ಧ ಇದೇ 2,4-ಡಿ.

ಆದರೆ ನಿಜವಾದ ವಿಷ ಇದ್ದದ್ದು ಉಳಿದರ್ಧದಲ್ಲಿ. 2,4,5-ಟಿ ತಯಾರಿಸುವಾಗ ಶಾಖ ಹದ ಮೀರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೇಗ ಮುಗಿಸಲು ಶಾಖ ಏರಿಸಿದಷ್ಟೂ ಹೆಚ್ಚು. 1962ರಿಂದ 1971ರವರೆಗೆ ಅಮೆರಿಕ ಅಲ್ಲಿ ಸುರಿದ ಕಳೆನಾಶಕಗಳು 7 ಕೋಟಿ ಲೀಟರಿಗೂ ಹೆಚ್ಚು. ಏಜೆಂಟ್ ಆರೆಂಜ್ ಎಂಬ ಹೆಸರು ಬಂದದ್ದು 208 ಲೀಟರಿನ ಡ್ರಮ್ಮಿನ ಮೇಲಿನ ಕಿತ್ತಳೆ ಪಟ್ಟಿಯಿಂದ.

ಡಯಾಕ್ಸಿನ್ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ಕಾಯಿಲೆ ದಶಕಗಳ ನಂತರವೂ ಬರಬಹುದು. ಅಷ್ಟರಲ್ಲಿ ಅಲ್ಲಿಂದ ಮರಳಿದ ಯಾವ ಅಮೆರಿಕನ್ ಸೈನಿಕನ ಬಳಿ ಸಾಕ್ಷಿ ಉಳಿದಿರುತ್ತದೆ? ಸೈನಿಕರು ಹೂಡಿದ ದಾವೆಯಲ್ಲಿ, ಅದನ್ನು ತಯಾರಿಸಿದ ಕಂಪನಿಗಳು 1984ರಲ್ಲಿ 18 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡವು. ದಾರಿ ತಿರುಗಿದ್ದು ಅಮೆರಿಕದ 1991ರ ಕಾನೂನಿನಿಂದ: ವಿಯೆಟ್ನಾಂನಲ್ಲಿ ಸೇವೆ ಮಾಡಿದ್ದು ದಾಖಲೆಯಲ್ಲಿದ್ದು, ಕಾಯಿಲೆ ಪಟ್ಟಿಯಲ್ಲಿದ್ದರೆ ಕಾರಣ ಸಾಬೀತು ಮಾಡಬೇಕಿಲ್ಲ. ರಕ್ತದೊತ್ತಡ ಆ ಪಟ್ಟಿ ಸೇರಿದ್ದು 2022ರಲ್ಲಿ! ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಗೋಡೆಯಲ್ಲಂತೂ ಹೀಗೆ ಆಮೇಲೆ ಕಾಯಿಲೆಯಿಂದ ಸತ್ತವರ ಹೆಸರಿಲ್ಲ. 2004ರಲ್ಲಿ ಪಕ್ಕದಲ್ಲಿ ಹೆಸರಿಲ್ಲದ ಒಂದು ಫಲಕ ಬಂತು. ವಿಯೆಟ್ನಾಮೀಯರ ದಾವೆಯನ್ನು ಅಮೆರಿಕದ ನ್ಯಾಯಾಲಯ 2005ರಲ್ಲಿ ವಜಾ ಮಾಡಿತು.

ಬೀದರ್, ಕಲಬುರಗಿಯ ನಿವೃತ್ತ ಸೈನಿಕರ ಕಥೆಯೂ ಕಾಗದದ್ದೇ. ಇಂಧನ, ಬಣ್ಣ, ದ್ರಾವಕಗಳ ನಡುವೆ ದುಡಿದವರ ಕಾಯಿಲೆಗೆ ಬಿಡುಗಡೆ ವೇಳೆ ವೈದ್ಯಕೀಯ ಮಂಡಳಿ ‘ಸೇವೆಯಿಂದ ಬಂದದ್ದಲ್ಲ, ಉಲ್ಬಣಿಸಿದ್ದೂ ಅಲ್ಲ’ ಎಂದು ಬರೆದರೆ ಅಂಗವೈಕಲ್ಯ ಪಿಂಚಣಿ ಇಲ್ಲ. ಸೇವೆ ಮುಗಿಸಿ ಬಂದವರಿಗೆ ವೈಕಲ್ಯ ಶೇ. 20 ಆದರೂ ಇರಬೇಕು. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇಲ್ಲಿ ನೆನಪಿಡಬೇಕು: ಭರ್ತಿಯ ದಿನ ಕಾಯಿಲೆ ನಮೂದಾಗಿರದಿದ್ದರೆ ಆತ ಆರೋಗ್ಯವಂತನಾಗಿ ಬಂದನೆಂದೇ ಲೆಕ್ಕ, ಅಲ್ಲವೆಂದು ತೋರಿಸುವ ಹೊಣೆ ಇಲಾಖೆಯದು. ಈ ಪಿಂಚಣಿಯ 2023ರ ಸೆಪ್ಟೆಂಬರಿನ ಹೊಸ ನಿಯಮಗಳು ಹಳೆಯ ಪ್ರಕರಣಗಳಿಗೆ ಅನ್ವಯಿಸುವುದಿಲ್ಲ.

ಹಾಗಾಗಿ ಡಿಸ್ಚಾರ್ಜ್ ಬುಕ್ಕಿನ ಜೊತೆ ಮಂಡಳಿಯ ಪೂರ್ತಿ ವರದಿಯ ಪ್ರತಿಯನ್ನು ರೆಕಾರ್ಡ್ ಆಫೀಸಿನಿಂದ ತರಿಸಿಕೊಳ್ಳಬೇಕು. ಮೇಲ್ಮನವಿ ತಿರಸ್ಕಾರವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ. ಅಲ್ಲಿ ಮೊದಲು ಓದುವುದು ಅದೇ ವರದಿಯಲ್ಲಿ ಮಂಡಳಿ ಬರೆದ ಕಾರಣದ ಸಾಲನ್ನು. ಎಷ್ಟೋ ವರದಿಗಳಲ್ಲಿ ಆ ಜಾಗದಲ್ಲಿ ತೀರ್ಮಾನ ಇರುತ್ತದೆ, ಕಾರಣ ಇರುವುದಿಲ್ಲ.