ಹತ್ತೇ ಹತ್ತು ಶಾಫ್ಟ್ ಬೇಕು, ಪೀಣ್ಯದ ವರ್ಕ್‌ಶಾಪ್‌ನವರು ನೇರವಾಗಿ ಮಾಡಿಕೊಡುತ್ತಾರೆಯೇ?

ಪ್ರಶ್ನೆ: ನಾವು ಅಡಿಕೆ ಸುಲಿಯುವ ಯಂತ್ರ ಜೋಡಿಸಿ ಮಾರುತ್ತೇವೆ. 300 ಮಿ.ಮೀ. ಉದ್ದದ, ಎರಡೂ ತುದಿಯಲ್ಲಿ 6205 ಬೇರಿಂಗ್ ಕೂರುವ ಶಾಫ್ಟ್ ಬೇಕು. ನಡುವೆ ಯಾರೂ ಇಲ್ಲದೆ ತಯಾರಕರಿಂದಲೇ ಹತ್ತು ಮಾಡಿಸಬಹುದೇ? ಹೇಗೆ ಕೇಳಬೇಕು?

ಉತ್ತರ: ಖಂಡಿತ ಮಾಡಿಸಬಹುದು. ಪೀಣ್ಯದಲ್ಲಷ್ಟೇ ಅಲ್ಲ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್‌ನಲ್ಲೂ ಇಂಥ ಕೆಲಸ ಹಿಡಿಯುವವರಿದ್ದಾರೆ. ಆದರೆ ಮಧ್ಯವರ್ತಿ ಹೋದರೂ ಅವನು ಮಾಡುತ್ತಿದ್ದ ಕೆಲಸ ಹೋಗುವುದಿಲ್ಲ. ಡ್ರಾಯಿಂಗ್ ಸರಿ ಮಾಡುವುದು, ಮೆಟೀರಿಯಲ್ ಖಾತರಿ ಮಾಡಿಕೊಳ್ಳುವುದು, ಅಳತೆ ನೋಡಿ ಮಾಲು ಇಳಿಸಿಕೊಳ್ಳುವುದು ಇನ್ನು ನಿಮ್ಮ ಪಾಲು.

ಹೆಚ್ಚಿನವರು ಎಡವುವುದು ಡ್ರಾಯಿಂಗ್‌ನಲ್ಲಿ. ಹಳೇ ಶಾಫ್ಟ್ ಕೈಗಿಟ್ಟು "ಇದೇ ಥರ ಮಾಡಿಕೊಡಿ" ಎನ್ನುವುದು ಸುಲಭ. ಆದರೆ ಓಡಿದ ಶಾಫ್ಟ್‌ನಲ್ಲಿ ಬೇರಿಂಗ್ ಕೂರುವ ಜಾಗವೇ ಮೊದಲು ಸವೆಯುವುದು. 25 ಮಿ.ಮೀ. ಇದ್ದದ್ದು 24.96 ಆಗಿದ್ದರೆ ಟರ್ನರ್ ಅದನ್ನೇ ಅಳೆದು ಅಷ್ಟೇ ಕೊಡುತ್ತಾನೆ. ಹೊಸ ಶಾಫ್ಟ್ ಮೊದಲ ದಿನವೇ ಸಡಿಲ, ಬೇರಿಂಗ್‌ನ ಒಳರಿಂಗು ಶಾಫ್ಟ್ ಮೇಲೆ ತಿರುಗಿ ಅದನ್ನು ಇನ್ನಷ್ಟು ತಿನ್ನುತ್ತದೆ.

6205ರ ಒಳವ್ಯಾಸ 25 ಮಿ.ಮೀ. ನಿಮ್ಮ ಯಂತ್ರದಂಥ ಸಾಮಾನ್ಯ ಲೋಡಿಗೆ ಆ ಜಾಗಕ್ಕೆ 25 ಕೆ6 ಎಂದು ಬರೆಯಿರಿ, ಅಂದರೆ 25.002ರಿಂದ 25.015ರೊಳಗೆ. ಬೇರಿಂಗ್ ಒತ್ತಿ ನಿಲ್ಲುವ ಭುಜದ ವ್ಯಾಸ 32 ಇರಲಿ. ಆ ಮೂಲೆಯ ರೇಡಿಯಸ್ 1 ಮಿ.ಮೀ. ಮೀರಬಾರದು ಎಂದೂ ನಮೂದಿಸಿ. ಮೀರಿದರೆ ಬೇರಿಂಗ್ ಭುಜಕ್ಕೆ ತಾಗದೆ ಮೂಲೆಯ ಮೇಲೇ ನಿಂತುಬಿಡುತ್ತದೆ. ಉಳಿದ ಅಳತೆಗಳಿಗೆಲ್ಲ "ಐಎಸ್‌ಒ 2768-ಎಂ" ಎಂಬ ಒಂದೇ ಸಾಲು ಸಾಕು. ಅದರ ಪ್ರಕಾರ 300 ಮಿ.ಮೀ. ಉದ್ದದಲ್ಲಿ ಅರ್ಧ ಮಿ.ಮೀ. ಹೆಚ್ಚುಕಡಿಮೆ ನಡೆಯುತ್ತದೆ, ನಿಮ್ಮ ಯಂತ್ರಕ್ಕೂ ಅಷ್ಟು ನಡೆಯುತ್ತದೆ. ಎಲ್ಲ ಕಡೆ 0.01 ಎಂದು ಬರೆದರೆ ಬೇಡದ ಜಾಗವೂ ಗ್ರೈಂಡಿಂಗ್‌ಗೆ ಹೋಗುತ್ತದೆ, ಬಿಲ್ಲು ಏರುತ್ತದೆ.

3ಡಿ ಮಾಡೆಲ್ ಒಂದನ್ನೇ ಕಳಿಸಬೇಡಿ. ಸ್ಟೆಪ್ ಫೈಲ್‌ನಲ್ಲಿ ಸಾಮಾನ್ಯವಾಗಿ ಆಕಾರ ಮಾತ್ರ ಹೋಗುತ್ತದೆ, ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬುದು, ಹೋಗುವುದಿಲ್ಲ. ಜತೆಗೆ ಪಿಡಿಎಫ್ ಡ್ರಾಯಿಂಗ್ ಇರಲೇಬೇಕು, ಅದರ ಮೇಲೆ ರಿವಿಷನ್ ನಂಬರ್ ಇರಬೇಕು.

ಮೆಟೀರಿಯಲ್‌ಗೆ ಇಎನ್8 ಎಂಬ ಮಧ್ಯಮ ಕಾರ್ಬನ್ ಸ್ಟೀಲ್ ಸಾಕು. 32ರ ಭುಜಕ್ಕೆ 35 ಮಿ.ಮೀ. ರೌಂಡ್ ಬಾರ್ ತೆಗೆದುಕೊಳ್ಳಬೇಕು. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ: ಇಲ್ಲಿ ಸುಮಾರು ಏಳೂವರೆ. ಕಟಿಂಗ್ ವೇಸ್ಟ್ ಸೇರಿ ಹತ್ತಕ್ಕೆ 3.1 ಮೀಟರ್, 23ರಿಂದ 24 ಕೆ.ಜಿ. ಕೊಟೇಶನ್‌ನಲ್ಲಿರುವ ಮೆಟೀರಿಯಲ್ ದುಡ್ಡನ್ನು ಇದರೊಂದಿಗೆ ತಾಳೆ ನೋಡಿ. ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚ್‌ನ ಸಂಖ್ಯೆ) ಇರುವ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಕಾರ್ಬನ್ 0.36ರಿಂದ 0.44ರೊಳಗೆ ಇರಬೇಕು. ಮೈಲ್ಡ್ ಸ್ಟೀಲ್‌ಗೂ ಇಎನ್8ಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಬಾರ್ ನೀವೇ ಕೊಟ್ಟು ಬರೀ ಲೇಬರ್‌ಗೆ ಮಾಡಿಸುವುದಾದರೆ ಡೆಲಿವರಿ ಚಲನ್ ಮೇಲೆ ಕಳಿಸಿ. ಜಿಎಸ್‌ಟಿ ಪ್ರಕಾರ ಹಾಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು.

ಹತ್ತಕ್ಕೆ ರೇಟು ಜಾಸ್ತಿ ಎನ್ನಿಸುವುದು ಸೆಟ್ಟಿಂಗ್‌ನಿಂದ. ಪ್ರೋಗ್ರಾಂ ಹಾಕಿ, ಟೂಲ್ ಕೂರಿಸಿ, ಮೊದಲ ಜಾಬ್ ಸರಿ ಬರಲು ಎರಡು ಗಂಟೆ ಹಿಡಿದು, ಆಮೇಲೆ ಒಂದಕ್ಕೆ 12 ನಿಮಿಷ ಆಗುತ್ತದೆ ಎಂದುಕೊಳ್ಳಿ. ಒಂದೇ ಮಾಡಿಸಿದರೆ 132 ನಿಮಿಷದ ದುಡ್ಡು ಕೊಡಬೇಕು. ಹತ್ತಾದರೆ ತಲಾ 24 ನಿಮಿಷ, ನೂರಾದರೆ 13 ಚಿಲ್ಲರೆ. ಹಾಗಾಗಿ 10, 25, 50ಕ್ಕೆ ಬೇರೆ ಬೇರೆ ರೇಟು ಕೇಳಿ. ಈ ಸೀಸನ್‌ಗೆ ಇನ್ನೂ ಹದಿನೈದು ಬೇಕಾಗುವುದು ಖಚಿತವಾದರೆ 25ನ್ನೇ ಒಟ್ಟಿಗೆ ಹಾಕಿಸುವುದು ಜಾಣತನ.

ಎದುರಿಗಿರುವವರು ನಿಜಕ್ಕೂ ತಯಾರಕರೇ? ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿದರೆ ವ್ಯವಹಾರದ ಸ್ವರೂಪ ಕಾಣುತ್ತದೆ, ತಯಾರಿಕೆಯೋ ಬರೀ ವ್ಯಾಪಾರವೋ ಎಂದು. ಮೆಷಿನ್ ಲಿಸ್ಟ್ ಕೇಳಿ, ಸಾಧ್ಯವಾದರೆ ಹೋಗಿ ನೋಡಿಬನ್ನಿ. ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಪಕ್ಕದ ಬೀದಿಗೆ ಹೋಗುವುದು ಈ ಕಸುಬಿನಲ್ಲಿ ಮಾಮೂಲು, ಅದನ್ನು ಮೋಸ ಎಂದುಕೊಳ್ಳಬೇಡಿ. ಅಲ್ಲಿ ಕೆಟ್ಟರೆ ಜವಾಬ್ದಾರಿ ಯಾರದು ಎಂಬುದನ್ನು ಮಾತ್ರ ಆರ್ಡರ್‌ನಲ್ಲೇ ಬರೆಸಿ. ಜಿಂಕ್ ಪ್ಲೇಟಿಂಗ್ ಮಾಡಿಸುವುದಿದ್ದರೆ ಬೇರಿಂಗ್ ಜಾಗಕ್ಕೆ ಬೇಡವೆಂದು ಡ್ರಾಯಿಂಗ್‌ನಲ್ಲೇ ಹೇಳಿ. ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ. 8 ಮೈಕ್ರಾನ್ ಪದರ ಎಂದರೆ ವ್ಯಾಸದಲ್ಲಿ 16 ಮೈಕ್ರಾನ್. 25.002ರಿಂದ 25.015ರವರೆಗೆ ನಿಮಗಿರುವ ಅವಕಾಶವೇ 13.

ಆ 13 ಮೈಕ್ರಾನನ್ನು ವರ್ನಿಯರ್‌ನಲ್ಲಿ ನೋಡಲಾಗದು, ಮಾಮೂಲು ವರ್ನಿಯರ್‌ನ ಕನಿಷ್ಠ ಅಳತೆಯೇ 20 ಮೈಕ್ರಾನ್. ಒಂದು ಮೈಕ್ರಾನ್ ತೋರಿಸುವ ಮೈಕ್ರೋಮೀಟರ್ ಬೇಕು. ಮೆಷಿನ್‌ನಿಂದ ಇಳಿಸಿದ ಬಿಸಿ ಜಾಬ್ ಆರಿದ ಮೇಲೆ, ಪ್ರತಿ ಬೇರಿಂಗ್ ಜಾಗವನ್ನು ಮೂರು ಕಡೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಅಳೆಯಿರಿ. ಟೇಪರ್ (ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ) ಇದ್ದರೂ ಅಂಡಾಕಾರ ಇದ್ದರೂ ಸಿಕ್ಕಿಬೀಳುತ್ತದೆ. ತುದಿಯ ಸೆಂಟರ್ ತೂತುಗಳನ್ನು ಉಳಿಸಲು ಹೇಳಿ. ಅವುಗಳ ನಡುವೆ ಹಿಡಿದು ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಬಾಗಿರುವುದು ಗೊತ್ತಾಗುತ್ತದೆ.

ಮೊದಲು ಒಂದೇ ಸ್ಯಾಂಪಲ್ ಮಾಡಿಸಿ, ಬೇರಿಂಗ್ ಹಾಕಿ ನೋಡಿ, ಸರಿಯಿದ್ದರೆ ಉಳಿದ ಒಂಬತ್ತಕ್ಕೆ ಲಿಖಿತ ಒಪ್ಪಿಗೆ ಕೊಡಿ. ಒಂದೊಂದಕ್ಕೂ ಎಣ್ಣೆ ಸವರಿ ಪ್ಲಾಸ್ಟಿಕ್ ಬಲೆ ತೊಡಿಸಿ ಕಳಿಸಲು ಹೇಳಿ. ಚೀಲದಲ್ಲಿ ಒಟ್ಟಿಗೆ ತುಂಬಿದರೆ ಬಸ್ಸಿನಲ್ಲಿ ಒಂದಕ್ಕೊಂದು ಬಡಿದು ಬೇರಿಂಗ್ ಜಾಗದಲ್ಲೇ ಕಚ್ಚು ಬೀಳುತ್ತದೆ.

ರಿಜೆಕ್ಟ್ ಆದರೆ ಏನು ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿ. ಓವರ್‌ಸೈಜ್ ಬಂದದ್ದನ್ನು ಮತ್ತೆ ಗ್ರೈಂಡ್ ಮಾಡಿಸಬಹುದು. ಅಂಡರ್‌ಸೈಜ್ ಆದದ್ದಕ್ಕೆ ಸುತ್ತ ಪಂಚ್ ಹೊಡೆದು ಬಿಗಿ ಮಾಡಿ ಕೊಡುವವರಿದ್ದಾರೆ. ಆ ಚುಕ್ಕೆಗಳು ಕೆಲವೇ ದಿನದಲ್ಲಿ ಸವೆದು ಬೇರಿಂಗ್ ಮತ್ತೆ ಸಡಿಲವಾಗುತ್ತದೆ. ಅಂಥ ಶಾಫ್ಟ್ ಇಳಿಸಿಕೊಳ್ಳಬೇಡಿ, ಬದಲಿಗೆ ಹೊಸದನ್ನೇ ಕೇಳಿ.